ಇನ್ನೂರ ಹದಿನೆಂಟು ಚುಕ್ಕಿ, ಆಮೇಲೆ ಒಂದು

ನನ್ನ ಮೇಜಿನ ಮೇಲೆ ಪೆನ್ಸಿಲುಗಳನ್ನು ಹೊತ್ತು ನಿಂತಿರುವ ಈ ಹಿತ್ತಾಳೆಯ ಕಹಳೆಯನ್ನು ಕಂಡರೆ, ಗೆಳೆಯರೇ, ಯಾವುದೋ ಮದುವೆಯ ವಾದ್ಯ ಇಲ್ಲಿ ನಿವೃತ್ತವಾಗಿದೆ ಎಂದುಕೊಳ್ಳುತ್ತೀರಿ. ಅದೊಂದು ಆಂಟೆನಾ. ಮೈತುಂಬ ಸುತ್ತಿಗೆಯ ಚುಕ್ಕಿಗಳು; ಎಣಿಸುವ ಚಟದವಳಾದ್ದರಿಂದ ಎಣಿಸಿ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ: ಇನ್ನೂರ ಹದಿನೆಂಟು.

ಆಗ ಬಾಗಲಕೋಟೆಯಲ್ಲಿ ನನ್ನ ಇಂಜಿನಿಯರಿಂಗಿನ ಕೊನೆಯ ವರ್ಷ. ನಮ್ಮ ಗುರುಗಳು ಎರವಲು ತಂದ ಯಂತ್ರ ಹೊರಡಿಸುವ ರೇಡಿಯೊ ಅಲೆಯ ಉದ್ದ ಎಂಟೇ ಮಿಲಿಮೀಟರು, ಒಂದು ಕಡಲೆಕಾಳಿನಷ್ಟು. ಅದನ್ನೂ ಅದರ ಅಕ್ಕಪಕ್ಕದ ಅಲೆಗಳನ್ನೂ ಹಿಂದಕ್ಕೆ ತಳ್ಳದೆ ಗಾಳಿಗೆ ಬಿಡುವ ಒಂದೇ ಕಹಳೆಯನ್ನು ವಿನ್ಯಾಸ ಮಾಡುವುದು ನನ್ನ ಪಾಲಿನ ಕೆಲಸ. ಶನಿವಾರ ಪರೀಕ್ಷಕರು ಬರುವವರಿದ್ದರು. ಅದು ಕೆಲಸ ಮಾಡದಿದ್ದರೆ ನನ್ನ ವರ್ಷವೇ ಹೋದಂತೆ.

ಊರಿನ ಕಿಲ್ಲಾ ಓಣಿಯಲ್ಲಿ ಹಿತ್ತಾಳೆ ಕೊಡ ಬಡಿಯುವ ಮೌಲಾಸಾಬ ಕಾಕಾ ನನ್ನ ನಕ್ಷೆ ನೋಡಿ ಕೂದಲೆಳೆಯಷ್ಟೂ ತಪ್ಪದಂತೆ ಮಾಡಿಕೊಟ್ಟರು. ಮಂಗಳವಾರ ಅಳೆದೆ. ಅಳೆದ ಇಪ್ಪತ್ತೊಂದು ಅಲೆಯುದ್ದಗಳಲ್ಲಿ ಏಳರಲ್ಲಿ ಅಲೆ ಮುಗ್ಗರಿಸಿ ಹಿಂದಿರುಗುತ್ತಿತ್ತು. ಹೊರಗಿನ ಚುಕ್ಕಿಗಳೆಲ್ಲ ಒಳಗೆ ಉಬ್ಬಾಗಿ ಎದ್ದಿದ್ದವು. ಸಣ್ಣ ಅಲೆಗೆ ಅವೇ ಗುಡ್ಡಗಳು.

"ಚುಕ್ಕಿ ಯಾಕ ಹೊಡದ್ರಿ ಕಾಕಾ?"

"ಚುಕ್ಕಿ ಇಲ್ಲದ ಕೊಡಾ ನಿಮ್ಮವ್ವ ಕೊಳ್ತಾಳೇನವಾ? ನಿನ್ನ ಕಾಗದದಾಗ ಬ್ಯಾಡ ಅಂತ ಎಲ್ಲೈತಿ, ತೋರ್ಸು!"

ಎಲ್ಲೂ ಇರಲಿಲ್ಲ. ಅಳತೆಗಳನ್ನೆಲ್ಲ ಬರೆದವಳು ಒಳಮೈ ನುಣ್ಣಗಿರಲಿ ಎಂಬ ಒಂದು ಸಾಲು ಬರೆದಿರಲಿಲ್ಲ. ತಪ್ಪು ನನ್ನದೆಂದು ಒಪ್ಪಿಕೊಂಡ ಮೇಲೆಯೇ ಅವರು ಹೊಸ ತಗಡು ಎತ್ತಿಕೊಂಡದ್ದು.

ಗುರುವಾರ ಎರಡನೆಯ ಕಹಳೆ ಸಿದ್ಧವಾಯಿತು. ಒಳಗೆ ಬೆರಳಾಡಿಸಿದರೆ ನೀರಿನ ಮೇಲೆ ಆಡಿಸಿದಂತೆ. ಆದರೆ ಕಾಕಾ ಮುಖ ಸಣ್ಣಗೆ ಮಾಡಿಕೊಂಡಿದ್ದರು. "ಇದು ಮೌಲಾನ ಕೆಲಸ ಅಂತ ಯಾರಿಗೆ ಗೊತ್ತಾಗಬೇಕು?"

ನಾನು ಯೋಚಿಸಿ, ಅಲೆ ಹೋಗದ ದಪ್ಪ ಅಂಚನ್ನು ತೋರಿಸಿದೆ. "ಇಲ್ಲಿ ಹೊಡೀರಿ ಕಾಕಾ. ಒಂದಽ." ಠಣ್ ಎಂದಿತು. ಆ ಚುಕ್ಕಿಯನ್ನು ನನ್ನ ನಕ್ಷೆಯಲ್ಲೂ ಸೇರಿಸಿದೆ.

ಶನಿವಾರ ಇಪ್ಪತ್ತೊಂದಕ್ಕೆ ಇಪ್ಪತ್ತೊಂದೂ ಸರಿ ಬಂದವು. ಪರೀಕ್ಷಕರು ನನ್ನ ನಕ್ಷೆಯ ಮೂಲೆಯಲ್ಲಿದ್ದ ಚುಕ್ಕಿಯ ಮೇಲೆ ಬೆರಳಿಟ್ಟು, ಇದರ ಪ್ರಯೋಜನವೇನೆಂದು ಕೇಳಿದರು. "ಮಾಡಿದವರ ಸಹಿ, ಸರ್," ಎಂದೆ.

ಗೆದ್ದ ಕಹಳೆ ಕಾಲೇಜಿನಲ್ಲಿದೆ. ಸೋತದ್ದು ಇಲ್ಲಿ ಪೆನ್ಸಿಲು ಹೊತ್ತಿದೆ. ಹೊಸ ನಕ್ಷೆಗೆ ಪೆನ್ಸಿಲು ತೆಗೆದುಕೊಳ್ಳುವಾಗಲೆಲ್ಲ ಅದರ ಚುಕ್ಕಿಗಳು ಬೆರಳಿಗೆ ತಾಗುತ್ತವೆ. ನಾನು ಮೊದಲು ಬರೆಯುವ ಸಾಲು ಈಗ ಅಳತೆಯದ್ದಲ್ಲ, ಒಳಮೈಯದ್ದು.