ವಿಮಾನಕ್ಕೆ ಅಡ್ಡ ಬಂದ ಎಮ್ಮೆ

ವಿಮಾನ ಅಪಘಾತವನ್ನು ಕಣ್ಣಾರೆ ಕಂಡವರು ನಿಮ್ಮಲ್ಲಿ ಎಷ್ಟು ಜನ ಇದ್ದೀರಿ? ನಾನು ಕಂಡೆ. ಹೋದ ಸೋಮವಾರ, ಬೈಲಹೊಂಗಲ ಮತ್ತು ಸವದತ್ತಿಯ ನಡುವಿನ ಒಂದು ಹಳ್ಳಿಯಲ್ಲಿ. ಸತ್ತದ್ದು ಒಂದೇ ಜೀವ, ಅದೂ ಎಮ್ಮೆ. (ಆದ್ದರಿಂದ ಯಾವ ಪೇಪರಿನಲ್ಲೂ ಬಂದಿಲ್ಲ, ಹುಡುಕಬೇಡಿ.)

ಸಂಗತಿ ಇಷ್ಟು. ನಮ್ಮ ಭಾಗದ ಶಾಸಕ ಸಾಹೇಬರು ಆ ಹಳ್ಳಿಯಲ್ಲಿ ಬಸ್ ತಂಗುದಾಣಕ್ಕೆ ಅಡಿಗಲ್ಲು ಹಾಕಬೇಕಿತ್ತು. ಬಸ್ ತಂಗುದಾಣಕ್ಕೆ ಅವರು ಹೊರಟದ್ದು ವಿಮಾನದಲ್ಲಿ. ಬೆಳಗಾವಿಯಿಂದ ಕಾರಿನಲ್ಲಿ ಬರಬಹುದಿತ್ತಲ್ಲ? ಬರಬಹುದಿತ್ತು. ಆದರೆ ಆ ರಸ್ತೆಯನ್ನು ಮಾಡಿಸಿದವರು ಅವರೇ. ಅದರ ತಗ್ಗುಗಳು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಗೆಳೆಯರೊಬ್ಬರ ನಾಲ್ಕು ಸೀಟಿನ ವಿಮಾನ ಸಿಕ್ಕಿತು. ಇಳಿಯಲು ರನ್‌ವೇ ಬೇಕಲ್ಲ? ಊರ ದನ ಮೇಯುವ ಗಾಯರಾಣದ ಮೇಲೆ ಮುರುಮು ಸುರಿದು, ರೋಲರ್ ಓಡಿಸಿ ಎಂಟೇ ದಿನದಲ್ಲಿ ತಯಾರು ಮಾಡಿದರು. ತಂಗುದಾಣದ ಅರ್ಜಿಗೆ ಮಾತ್ರ ವರ್ಷಗಟ್ಟಲೆ ಧೂಳು ಕುಡಿಸಿದ್ದರು.

ನನಗೂ ಆಮಂತ್ರಣ ಬಂತು. ಪೇಪರಿಗೆ ಬರೆಯುವವನು, ಮೇಲಾಗಿ ಕಾಲೇಜು ಮೇಷ್ಟ್ರು. ಮುಂದಿನ ಸಾಲಿನ ಕುರ್ಚಿ, ಹೋಗಿ ಬರಲು ಜೀಪು. ಬಿಡುತ್ತೇನೆಯೇ? ಇಸ್ತ್ರಿ ಅಂಗಿ ತೊಟ್ಟು ಹೋದೆ.

ನಮ್ಮ ಕಡೆ ದೊಡ್ಡವರು ಬಂದರೆ ಪಟಾಕಿ ಸರ ಹಚ್ಚಬೇಕು. ಅದೂ ಅವರು ಗಾಡಿ ಇಳಿಯುವ ಮುಂಚೆ. ಇಳಿದ ಮೇಲೆ ಹಚ್ಚಿದರೆ ಅವಮಾನ! ಅದೇ ರಿವಾಜನ್ನು ನಮ್ಮ ಕಾರ್ಯಕರ್ತರು ವಿಮಾನಕ್ಕೂ ಅನ್ವಯಿಸಿದರು. ಚಕ್ರ ನೆಲ ಮುಟ್ಟುವ ಹೊತ್ತಿಗೆ ಮಾರುದ್ದದ ಸರಕ್ಕೆ ಬೆಂಕಿ ಬಿತ್ತು.

ರನ್‌ವೇ ಅಂಚಿನಲ್ಲಿ ಗೂಟಕ್ಕೆ ಕಟ್ಟಿದ್ದ, ಅದೇ ಊರಿನ ಖಾತೂನಬಿಯ ಎಮ್ಮೆ ಬೆದರಿತು. ಹಗ್ಗ ಹರಿದುಕೊಂಡು ನೇರ ರನ್‌ವೇಗೆ ನುಗ್ಗಿತು. ವಿಮಾನ ಅದಕ್ಕೆ ಬಡಿದು, ಸೊಟ್ಟಗೆ ತಿರುಗಿ, ಪಕ್ಕದ ಹೊಲದ ಬದುವಿಗೆ ಮೂತಿ ಇಟ್ಟು ನಿಂತಿತು. ಸಾಹೇಬರ ಹಣೆಯ ಮೇಲೆ ಒಂದು ಬುಗುಟು ಎದ್ದಿತು. ಅದಕ್ಕೆ ಗಾಳಿ ಬೀಸಲು ಹತ್ತು ಜನ ಓಡಿದರು. ಎಮ್ಮೆಯ ಹತ್ತಿರ ಓಡಿದ್ದು ಖಾತೂನಬಿ ಒಬ್ಬಳೇ. ಗಂಡ ತೀರಿಕೊಂಡ ಮೇಲೆ ಆಕೆಯ ಮನೆ ನಡೆಯುತ್ತಿದ್ದುದು ಅದರ ಹಾಲಿನ ಮೇಲೆ.

ಇನ್ನು ತಪ್ಪು ಯಾರದಾದರೂ ಆಗಬೇಕಲ್ಲ? ವಿಮಾನ ಸಾಹೇಬರ ಗೆಳೆಯರದು. ಪಟಾಕಿ ಸಾಹೇಬರ ಕಾರ್ಯಕರ್ತರದು. ರನ್‌ವೇ ಸಾಹೇಬರದೇ. ಉಳಿದದ್ದು ಎಮ್ಮೆ. ಖಾತೂನಬಿ ಅದನ್ನು ಕಾಯದೆ ಬಿಟ್ಟಿದ್ದಳು ಎಂದಾದರೆ ಎಲ್ಲರಿಗೂ ಬಿಡುಗಡೆ, ಆಕೆಯೊಬ್ಬಳಿಗೆ ಕೇಸು.

ಬೇವಿನ ಮರದ ಕೆಳಗೆ ಪಂಚನಾಮೆ ಶುರುವಾಯಿತು. ಹರಿದ ಹಗ್ಗ ಕೈಯಲ್ಲೇ ಇತ್ತು. ಅದನ್ನು ಪೊಲೀಸ್ ಜಮಾದಾರರ ಮುಂದೆ ಹಿಡಿದು ಖಾತೂನಬಿ ಹೇಳಿದಳು: "ಗೂಟಕ್ಕ ಗಟ್ಟಿ ಕಟ್ಟಿದ್ನಿರಿ ಸಾಹೇಬ್ರ. ಹಗ್ಗ ನೋಡ್ರಿ, ಹರಕೊಂಡ ಹೋಗೈತಿ. ಇಮಾನ ಬಿಟ್ಟ ಎಮ್ಮಿ ಕಾಯಾಕಿ ಅಲ್ಲರಿ ನಾ."

ಜಮಾದಾರರು ಸರಸರ ಬರೆದು ಕಾಗದವನ್ನು ನನ್ನ ಕಡೆ ತಿರುಗಿಸಿದರು. "ಸಾಕ್ಷಿಗೆ ಕಲತವರು ಒಬ್ಬರು ಪಂಚರು ಬೇಕಾಗ್ಯಾರ. ಇಲ್ಲೊಂದ ಸಹಿ ಹಾಕ್ರಿ ಸರ." ಬಿಸಿಲು ಏರಿತ್ತು. ಜೀಪಿನವನು ಹಾರ್ನ್ ಹೊಡೆಯುತ್ತಿದ್ದ. ಹಾಕಿದೆ.

ಖಾತೂನಬಿಯ ಸರದಿ ಬಂತು. ಹೆಬ್ಬೆಟ್ಟಿಗೆ ಮಸಿ ಹಚ್ಚುವ ಮುಂಚೆ ಆಕೆ ಕೈ ಹಿಂದಕ್ಕೆ ತೆಗೆದುಕೊಂಡಳು. "ಏನ ಬರದೀರಿ ಓದಿ ಹೇಳ್ರಿ. ಆಮ್ಯಾಲ ಒತ್ತತೇನಿ."

ಜಮಾದಾರರು ಗೊಣಗುತ್ತ ಓದಿದರು: 'ವಿಮಾನ ನೋಡುವುದನ್ನು ಬಿಟ್ಟು ಎಮ್ಮೆ ಕಾಯುವವಳು ನಾನಲ್ಲ.'

ಇಮಾನ ಅಂದರೆ ನಮ್ಮ ಕಡೆ ಪ್ರಾಮಾಣಿಕತೆ. ಆದರೆ ನಮ್ಮ ಹಳ್ಳಿಗಳಲ್ಲಿ ವಿಮಾನಕ್ಕೂ 'ಇಮಾನ' ಎನ್ನುತ್ತಾರೆ. ಜಮಾದಾರರು ಕಾಗದದ ಮೇಲೆ ಶುದ್ಧ ಕನ್ನಡದವರು, ಇಮಾನವನ್ನು ವಿಮಾನ ಎಂದು ತಿದ್ದಿ, 'ನೋಡುವುದನ್ನು' ಎಂದು ಸೇರಿಸಿ ಬರೆದಿದ್ದರು. ನಿಯತ್ತಿನ ಮಾತು ತಪ್ಪೊಪ್ಪಿಗೆ ಆಗಿತ್ತು. (ಬೇಕಂತಲೇ ತಿದ್ದಿದರೋ, ತಿಳಿಯದೆಯೋ? ಇಂಥ ಜಾಣ ತಪ್ಪುಗಳು ಯಾವಾಗಲೂ ಸಾಹೇಬರ ಪರವಾಗಿಯೇ ಆಗುತ್ತವೆ.)

"ಅದು ವಿಮಾನ ಅಲ್ಲರಿ ಜಮಾದಾರ್ರ, ಇಮಾನ," ಎಂದೆ.

ಪಕ್ಕದ ಕುರ್ಚಿಯಲ್ಲಿದ್ದ ಫೌಜದಾರರು (ಠಾಣೆಯ ಎಸ್‌ಐ) ಬಾಯಿ ಬಿಟ್ಟರು. "ನೀವು ಓದೇ ಸಹಿ ಮಾಡೀರಿ ಅಲ್ಲರಿ ಸರ?"

ಏನು ಹೇಳಲಿ? ಓದಿಲ್ಲ ಎಂದರೆ ನನ್ನ ಮಾನ ಹೋಗುತ್ತದೆ. ಓದಿದ್ದೇನೆ ಎಂದರೆ ಖಾತೂನಬಿಯ ಬದುಕು. ಸಹಿಯನ್ನು ಹೊಡೆದು ಹಾಕಿ ಎಂದು ಕೇಳಿಕೊಂಡೆ. "ಸರಕಾರಿ ಕಾಗದದಾಗ ಕಾಟು ಹೊಡಿಯಾಕ ಬರೂದಿಲ್ರಿ," ಎಂದರು ಅವರು, ಬಹಳ ಮರ್ಯಾದೆಯಿಂದ.

ಖಾತೂನಬಿ ಹೆಬ್ಬೆಟ್ಟು ಒತ್ತಲಿಲ್ಲ. ಜಮಾದಾರರು ಗದರಿದರು, ಹೆದರಿಸಿದರು. "ನಾ ಅನಲಾರದ ಮಾತಿಗೆ ಹೆಂಗ ಒತ್ತಲಿ?" ಎಂದು ಆಕೆ ಹಗ್ಗ ಸುತ್ತಿಕೊಂಡು ಮನೆಗೆ ನಡೆದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ನಾನಾದರೂ ಯಾವ ಮುಖ ತೋರಿಸುತ್ತಿದ್ದೆ?

"ಆಕಿ ಒತ್ತಲಿಲ್ಲಂದ್ರ ಅಡ್ಡಿಯಿಲ್ಲ," ಎಂದರು ಫೌಜದಾರರು ಫೈಲು ಮಡಚುತ್ತ. "ಪಂಚರ ಸಹಿ ಐತಲ್ಲ, ಸಾಕು."

ಎಮ್ಮೆಯನ್ನು ಕೆಡವಿದ್ದು ವಿಮಾನ. ಖಾತೂನಬಿಯನ್ನು ಕೆಡವಿದ್ದು ನನ್ನ ಬಾಲ್‌ಪೆನ್ನು.