ಗೇಣು ತಪ್ಪದ ದರ್ಜಿ

ನಮ್ಮ ದರ್ಜಿ ಮೇಷ್ಟ್ರ ಕೊರಳಲ್ಲಿ ಟೇಪು ನೇತಾಡುತ್ತಿದ್ದದ್ದು ಬರೀ ಅಲಂಕಾರಕ್ಕೆ, ಅಳೆಯುವುದೆಲ್ಲ ಗೇಣಿನಲ್ಲೇ. "ಟೇಪು ಹಿಗ್ಗುತ್ತೆ ಸ್ವಾಮಿ, ನನ್ನ ಗೇಣು ಹಿಗ್ಗಲ್ಲ" ಎನ್ನುತ್ತ, ಹೆಬ್ಬೆರಳಿನಿಂದ ಕಿರುಬೆರಳಿಗೆ ಕೈ ಚಾಚಿ, ಗಿರಾಕಿಯ ತೋಳಿನುದ್ದಕ್ಕೂ ಕಂಬಳಿಹುಳುವಿನಂತೆ ಹರಿಸುತ್ತಿದ್ದರು. ಒಮ್ಮೆ ಅಳೆದ ಗಿರಾಕಿಯನ್ನು ಮತ್ತೆ ಅಳೆಯುತ್ತಿರಲಿಲ್ಲ, ಎಷ್ಟು ಗೇಣು ಎಂಬ ಲೆಕ್ಕ ತಲೆಯಲ್ಲೇ ಇರುತ್ತಿತ್ತು, ಬಟ್ಟೆಯ ಮೇಲೆ ಅಷ್ಟು ಗೇಣು ಹಾಕಿದರೆ ಆಯಿತು. ಅವರು ಬಳಪದಲ್ಲಿ ಗೆರೆ ಎಳೆಯಬೇಕು, ಹೆಂಡತಿ ಕತ್ತರಿಸಬೇಕು. ತಪ್ಪು ಒಪ್ಪಿಕೊಂಡವರೇ ಅಲ್ಲ. ಪ್ಯಾಂಟು ಬಿಗಿಯಾದರೆ "ಊಟ ಕಡಿಮೆ ಮಾಡಿ" ಎಂದು ಸಾಗಹಾಕುವರು. ಅಳೆಯುವ ಕೈಯ ಅಂಗೈಯಲ್ಲಿ ಗಂಟು ಎದ್ದು, ಕಿರುಬೆರಳು ಒಳಕ್ಕೆ ಬಾಗಿ ಅಲ್ಲೇ ನಿಂತಾಗಲೂ ಅಷ್ಟೇ. "ಡಾಕ್ಟರಿಗೆ ತೋರಿಸೋಣ ರೀ" ಎಂದು ಹೆಂಡತಿ ಗೋಗರೆದರೆ, "ಯಾಕೆ? ಒಂದು ಅಂಗಿನಾದ್ರೂ ಗಿಡ್ಡ ಆಯ್ತು ಅಂತ ವಾಪಸ್ ಬಂತೇನೇ?" ಎಂದು ಬಾಯಿ ಮುಚ್ಚಿಸುವರು. ಕೊನೆಗೆ ಮುಖ ತೊಳೆಯುವಾಗ ಅದೇ ಬೆರಳು ಕಣ್ಣಿಗೆ ತಿವಿಯತೊಡಗಿದ ಮೇಲೆ ಆಸ್ಪತ್ರೆಯ ಮೆಟ್ಟಿಲು ಹತ್ತಿದರು. ಡಾಕ್ಟರು ಅಂಗೈ ಕೊಯ್ದು, ಹಗ್ಗದಂತೆ ಬಿಗಿದಿದ್ದ ಎಳೆಯನ್ನು ತೆಗೆದರು. ತಿಂಗಳುಗಟ್ಟಲೆ ಪಟ್ಟಿ ಕಟ್ಟಿಕೊಂಡು, ಗೊಣಗುತ್ತಲೇ ವ್ಯಾಯಾಮ ಮಾಡಿದ ಮೇಲೆ ಬೆರಳು ನೆಟ್ಟಗಾಯಿತು. ಆಮೇಲೆ ಹೊಲಿದ ಮೊದಲ ಅಂಗಿಯ ತೋಳು ಹಳೇ ಗಿರಾಕಿಯೊಬ್ಬರ ಬೆರಳ ತುದಿಯನ್ನೂ ಮುಚ್ಚಿಬಿಟ್ಟಿತು. "ಅಯ್ಯೋ, ಅಭ್ಯಾಸ ಆಗ್ಬಿಟ್ಟಿತ್ತು ರೀ" ಎಂದು ಹೆಂಡತಿ ನಾಲಿಗೆ ಕಚ್ಚಿಕೊಂಡಳು. ಗೇಣು ಕುಗ್ಗಿದ್ದ ಮೂರು ವರ್ಷವೂ ಅವಳು ಸದ್ದಿಲ್ಲದೆ, ಗಂಡನ ಗೆರೆಗಿಂತ ನಾಲ್ಕು ಬೆರಳು ಹೆಚ್ಚು ಬಿಟ್ಟು ಕತ್ತರಿಸುತ್ತಿದ್ದಳು. ಮೇಷ್ಟ್ರು ನೆಟ್ಟಗಾದ ಅಂಗೈಯನ್ನು ಮೇಜಿನ ಮೇಲೆ ಊರಿ, ಒಂದು ಗಳಿಗೆ ಅದನ್ನೇ ನೋಡಿದರು. ಆಮೇಲೆ ಗಿರಾಕಿಯತ್ತ ತಿರುಗಿ, ಜನ್ಮದಲ್ಲಿ ಮೊದಲ ಸಲ ಹೇಳಿದರು: "ಅಳತೆ ತಪ್ಪಿದ್ದು ನಂದೇ ಸ್ವಾಮಿ. ಅವಳದ್ದಲ್ಲ."