ಮಲಿಕಾಬಿಯ ಕಿಟ್ಲಿ

ಮೊರಬದ ಯಾಕೂಬಸಾಬರು ಟ್ರ್ಯಾಕ್ಟರ್ ಟ್ರೇಲರುಗಳ ಹಿಂಬದಿಗೆ ನವಿಲು, ಗುಲಾಬಿ, ಬಸವಣ್ಣನ ಚಿತ್ರ ಬರೆಯುತ್ತಿದ್ದರು. ೧೯೮೪ರ ಬೇಸಿಗೆಯಲ್ಲಿ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡರು. ಅಡುಗೆಮನೆಯ ಬಾಗಿಲೆದುರು ಹೊರಸು ಹಾಕಿಸಿಕೊಂಡು ಮಲಗಬೇಕಾಯಿತು.

ಮೊದಮೊದಲು ಬರೀ ಸಿಟ್ಟು. ಆಮೇಲೊಂದು ಬೆಳಿಗ್ಗೆ ಗೂಡಿನಲ್ಲಿದ್ದ ಚಹಾದ ಕಿಟ್ಲಿಯ ಮೇಲೆ ಬಿಸಿಲು ಬಿತ್ತು. ಅದರ ತಗ್ಗುಬಿದ್ದ ಹೊಟ್ಟೆಯಲ್ಲಿ ಪಕ್ಕದ ಕೆಂಪು ಮೆಣಸಿನಕಾಯಿಗಳ ಬಣ್ಣ ಮಸುಕಾಗಿ ಹೊಳೆಯುತ್ತಿತ್ತು. ಇಷ್ಟು ವರ್ಷ ಅದರ ಚಹಾ ಕುಡಿದಿದ್ದರೂ ಯಾಕೂಬಸಾಬರು ಅದನ್ನು ಸರಿಯಾಗಿ ನೋಡಿರಲಿಲ್ಲ. ಹೆಂಡತಿ ಮಲಿಕಾಬಿಯಿಂದ ಹಲಗೆ, ಎಣ್ಣೆಬಣ್ಣ ತರಿಸಿಕೊಂಡು ಎದ್ದು ಕುಳಿತರು. ಕಿಟ್ಲಿ ಮುಟ್ಟಬೇಡ ಎಂದರು. ಚಿತ್ರ ಮುಗಿಯುವವರೆಗೆ ಆಕೆ ಗೊಣಗುತ್ತಲೇ ಬೋಗುಣಿಯಲ್ಲಿ ಚಹಾ ಕಾಸಿದಳು.

ಕಾಲು ವಿಚಾರಿಸಲು ಬಂದ ಬಾಜು ಮನೆಯ ದುಂಡವ್ವ ಹಲಗೆಯ ಮುಂದೆ ನಿಂತಳು.

"ದೇವರ ಚಿತ್ರಾ ಬಿಟ್ಟು ಕಿಟ್ಲಿ ತಗದೀರಲ್ರಿ ಸಾಬ್ರ!"

"ಚಂದ ಕಾಣಸ್ತು, ದುಂಡವ್ವಾ."

ಆಕೆ ಸ್ವಲ್ಪ ಹೊತ್ತು ನೋಡಿದಳು. "ಹೌದ್ರಿ, ಆ ತಗ್ಗು ಸೈತ ಚಂದ ಐತಿ" ಎಂದಳು.

ಮರುದಿನ ದುಂಡವ್ವ ತಾಯಿಯ ಕಾಲದ ರೊಟ್ಟಿ ಬುಟ್ಟಿಯನ್ನು ತಂದಳು. ಅಂಚು ಹರಿದಿದೆಯೆಂದು ಮೂಲೆಗೆ ಎಸೆದಿದ್ದನ್ನು ಈಗ ಧೂಳು ಒರೆಸಿ ತಂದಿದ್ದಳು. "ಇದನ್ನೂ ಒಂದ್ಸಲ ನೋಡ್ರಿ."

ಕಾಲು ಕೂಡಿದ ಮೇಲೆ ಯಾಕೂಬಸಾಬರು ಮತ್ತೆ ಟ್ರೇಲರುಗಳ ಕೆಲಸಕ್ಕೆ ಹೋದರು. ಆದರೆ ಶುಕ್ರವಾರ ನಮಾಜು ಮುಗಿದ ಮೇಲೆ ಮನೆಯಲ್ಲೇ ಉಳಿಯುತ್ತಿದ್ದರು. ಓಣಿಯ ಹೆಂಗಸರು ಲಾಟೀನು, ಮೊರ, ಹಳೆಯ ಸೇರು ತಂದಿಡುತ್ತಿದ್ದರು. ಯಾವುದನ್ನು ಎಲ್ಲಿಟ್ಟರೆ ಬೆಳಕು ಚೆನ್ನಾಗಿ ಬೀಳುತ್ತದೆಂದು ಹೇಳುವವಳು ಮಲಿಕಾಬಿ.